ಕ್ಯೂಆರ್ ಕೋಡ್ ಮತ್ತು ಮೊಬೈಲ್ ಟ್ಯಾಗಿಂಗ್‌ನ ಆರಂಭದ ವರ್ಷಗಳು: ಅಧ್ಯಯನ ಟಿಪ್ಪಣಿ

ದಾವಣಗೆರೆಯ ಬೆಣ್ಣೆದೋಸೆ ಹೋಟೆಲುಗಳ ಗಲ್ಲಾದ ಮುಂದೆ, ಮಂಡಕ್ಕಿ ಮೆಣಸಿನಕಾಯಿ ಮಾರುವ ತಳ್ಳುಗಾಡಿಗಳ ಮೇಲೆ, ಚಿತ್ರದುರ್ಗದ ಸಂತೆಪೇಟೆಯ ಅಂಗಡಿಗಳಲ್ಲಿ ಇಂದು ಕ್ಯೂಆರ್ ಕೋಡ್ ಅಂಟಿಸದ ಜಾಗ ಸಿಗುವುದೇ ಕಷ್ಟ. ಆದರೆ ಈ ಕೋಡ್ ರೂಪುಗೊಂಡದ್ದು 1994ರಲ್ಲಿ. ಜಪಾನಿನ ಜನಸಾಮಾನ್ಯರು ಅದನ್ನು 2002ರ ಹೊತ್ತಿಗೇ ಮೊಬೈಲಿನಲ್ಲಿ ಓದತೊಡಗಿದ್ದರು. ಅಮೆರಿಕ ಮತ್ತು ಯುರೋಪಿನಲ್ಲಿ ಅದು ವರ್ಷಗಟ್ಟಲೆ ಜಾಹೀರಾತಿನ ಮೂಲೆಯಲ್ಲೇ ಉಳಿಯಿತು. ನಮ್ಮ ಪೇಟೆಗಳಿಗೆ ಅದು ನಿಜವಾಗಿ ಬಂದದ್ದು 2016ರ ನಂತರ. ಕೋಡ್ ಒಂದೇ ಆಗಿರುವಾಗ ಕಾಲ ಇಷ್ಟೊಂದು ಹಿಂದುಮುಂದಾದದ್ದೇಕೆ ಎಂಬುದೇ ಈ ಪಾಠದ ಮುಖ್ಯ ಪ್ರಶ್ನೆ. ಓದುವ ಸಾಧನ ಮೊದಲೇ ಜನರ ಕೈಯಲ್ಲಿತ್ತೇ, ಓದಿದ ಮೇಲೆ ಅವರಿಗೆ ಬೇಕಾದದ್ದು ಸಿಗುತ್ತಿತ್ತೇ ಎಂಬ ಎರಡು ಸಂಗತಿಗಳೇ ಅದನ್ನು ನಿರ್ಧರಿಸಿದವು ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ ಒಂದು ವ್ಯಾಖ್ಯೆ. ವಸ್ತುವಿನ ಮೇಲೋ ಸ್ಥಳದಲ್ಲೋ ಒಂದು ಗುರುತನ್ನು ಅಂಟಿಸಿ, ಅದನ್ನು ಮೊಬೈಲ್ ಕ್ಯಾಮೆರಾದಿಂದ ಓದಿ, ಅದಕ್ಕೆ ಸಂಬಂಧಿಸಿದ ಮಾಹಿತಿಯನ್ನೋ ಸೇವೆಯನ್ನೋ ಪಡೆಯುವ ಕ್ರಮಕ್ಕೆ ಮೊಬೈಲ್ ಟ್ಯಾಗಿಂಗ್ ಎನ್ನುತ್ತಾರೆ. ಕ್ಯೂಆರ್ ಕೋಡ್ ಅಂಥ ಗುರುತುಗಳಲ್ಲಿ ಒಂದು ಮಾತ್ರ. ಅದಕ್ಕೆ ಪ್ರತಿಸ್ಪರ್ಧಿಗಳು ಹಲವರಿದ್ದರು.

ಕಾರ್ಖಾನೆಯಲ್ಲಿ ಹುಟ್ಟಿದ ಕೋಡ್

ಅಂಗಡಿಯ ಸರಕಿನ ಮೇಲಿನ ಬಾರ್‌ಕೋಡನ್ನು ಮೊದಲ ಬಾರಿಗೆ ಓದಿದ್ದು 1974ರ ಜೂನ್ 26ರಂದು, ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ, ಒಂದು ಚೂಯಿಂಗ್ ಗಮ್ ಪೊಟ್ಟಣದ ಮೇಲೆ. ಬಾರ್‌ಕೋಡಿನ ಗೆರೆಗಳಲ್ಲಿ ಮಾಹಿತಿ ಅಡ್ಡಡ್ಡಲಾಗಿ ಮಾತ್ರ ಇರುತ್ತದೆ, ಸುಮಾರು 20 ಅಕ್ಷರಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಜಪಾನಿನ ಮೋಟಾರು ಬಿಡಿಭಾಗಗಳ ಕಾರ್ಖಾನೆಗಳಲ್ಲಿ ಒಂದೇ ಪೆಟ್ಟಿಗೆಗೆ ಹಲವು ಬಾರ್‌ಕೋಡ್ ಅಂಟಿಸಬೇಕಾಗುತ್ತಿತ್ತು, ಕಾರ್ಮಿಕರು ಒಂದೊಂದನ್ನೂ ಬೇರೆ ಬೇರೆಯಾಗಿ ಓದಿಸಬೇಕಾಗುತ್ತಿತ್ತು. ಈ ತೊಂದರೆಯನ್ನು ನೀಗಲು ಡೆನ್ಸೊ ಸಂಸ್ಥೆಯ ಎಂಜಿನಿಯರ್ ಮಸಾಹಿರೊ ಹರಾ 1992ರಲ್ಲಿ ಕೆಲಸ ಆರಂಭಿಸಿ, ಎರಡು ವರ್ಷಗಳ ನಂತರ ಅಡ್ಡಲಾಗಿಯೂ ಉದ್ದವಾಗಿಯೂ ಮಾಹಿತಿ ಹಿಡಿಯುವ ಚೌಕಾಕಾರದ ಕೋಡನ್ನು ಮುಂದಿಟ್ಟರು. ಕಪ್ಪು ಬಿಳಿ ಕಾಯಿಗಳನ್ನು ಚೌಕಗಳ ಹಲಗೆಯ ಮೇಲಿಟ್ಟು ಆಡುವ ಗೊ ಆಟ ತಮಗೆ ಪ್ರೇರಣೆಯಾಯಿತೆಂದು ಅವರು ಹೇಳಿದ್ದಾರೆ.

ಡೇಟಾ ಮ್ಯಾಟ್ರಿಕ್ಸ್‌ನಂಥ ದ್ವಿಆಯಾಮದ ಕೋಡುಗಳು ಅದಕ್ಕೂ ಮೊದಲೇ ಇದ್ದವು. ಹರಾ ಅವರ ತಂಡ ಒತ್ತು ಕೊಟ್ಟದ್ದು ಓದುವ ವೇಗಕ್ಕೆ. ಕೋಡಿನ ಮೂರು ಮೂಲೆಗಳಲ್ಲಿ ಕಾಣುವ ದೊಡ್ಡ ಚೌಕಗಳನ್ನು ಗಮನಿಸಿ. ಅವುಗಳ ನಡುವಿನಿಂದ ಯಾವ ದಿಕ್ಕಿನಲ್ಲಿ ಗೆರೆ ಎಳೆದರೂ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು ಭಾಗಗಳ ಅಗಲ 1:1:3:1:1 ಎಂಬ ಅನುಪಾತದಲ್ಲಿರುತ್ತದೆ. ಕರಪತ್ರ, ಪತ್ರಿಕೆ, ರಟ್ಟಿನ ಪೆಟ್ಟಿಗೆ ಮುಂತಾದ ಮುದ್ರಿತ ವಸ್ತುಗಳನ್ನು ರಾಶಿಗಟ್ಟಲೆ ಪರೀಕ್ಷಿಸಿ, ಅವುಗಳಲ್ಲಿ ಅತಿ ವಿರಳವಾಗಿ ಕಾಣುವ ಅನುಪಾತ ಇದೆಂದು ತಂಡ ಕಂಡುಕೊಂಡಿತು. ಆದ್ದರಿಂದ ಸುತ್ತ ಎಷ್ಟೇ ಅಕ್ಷರ, ಚಿತ್ರಗಳಿದ್ದರೂ ಸ್ಕ್ಯಾನರು ಕೋಡ್ ಎಲ್ಲಿದೆ, ಯಾವ ಕಡೆಗೆ ತಿರುಗಿದೆ ಎಂಬುದನ್ನು ಕೂಡಲೇ ಗುರುತಿಸುತ್ತದೆ. ಇಡೀ ವಿನ್ಯಾಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಇದೇ.

ಎರಡನೆಯ ಮುಖ್ಯ ಗುಣ ದೋಷ ತಿದ್ದುಪಡಿ. ರೀಡ್-ಸೊಲೊಮನ್ ಎಂಬ ಗಣಿತ ವಿಧಾನದಿಂದ ಮೂಲ ಮಾಹಿತಿಯ ಜೊತೆಗೆ ಹೆಚ್ಚುವರಿ ಅಂಶಗಳನ್ನು ಕೋಡಿನಲ್ಲೇ ಸೇರಿಸಿರುತ್ತಾರೆ. ಇದಕ್ಕೆ ನಾಲ್ಕು ಹಂತಗಳಿದ್ದು, ಸುಮಾರು ಶೇ. 7, 15, 25 ಮತ್ತು 30ರಷ್ಟು ಭಾಗ ಹಾಳಾದರೂ ಮಾಹಿತಿಯನ್ನು ಮರಳಿ ಪಡೆಯಬಹುದು. ಹೋಟೆಲಿನ ಸ್ಟಿಕ್ಕರಿಗೆ ಎಣ್ಣೆ, ಚಟ್ನಿ ತಗುಲಿ ಕಲೆಯಾಗಿದ್ದರೂ ಅದು ಕೆಲಸ ಮಾಡುವುದು, ನಡುವೆ ಲಾಂಛನ ಮುದ್ರಿಸಿದ್ದರೂ ಓದಲಾಗುವುದು ಇದರಿಂದಲೇ. ಮುದ್ರಿತ ಕೋಡೊಂದನ್ನು ತೆಗೆದುಕೊಂಡು ಒಳಭಾಗದ ಸ್ವಲ್ಪವನ್ನು ಬೆರಳಿನಿಂದ ಮುಚ್ಚಿ ಸ್ಕ್ಯಾನ್ ಮಾಡಿ ನೋಡಿ; ನಂತರ ಮೂಲೆಯ ದೊಡ್ಡ ಚೌಕವೊಂದನ್ನು ಪೂರ್ತಿ ಮುಚ್ಚಿ ನೋಡಿ. ಮೊದಲನೆಯದು ಓದುತ್ತದೆ, ಎರಡನೆಯದು ಸಾಮಾನ್ಯವಾಗಿ ಓದುವುದಿಲ್ಲ. ಮಾಹಿತಿಯ ನಷ್ಟವನ್ನು ಗಣಿತ ತುಂಬಿಕೊಡಬಲ್ಲದು, ಆದರೆ ಕೋಡ್ ಎಲ್ಲಿದೆ ಎಂಬುದೇ ತಿಳಿಯದಿದ್ದರೆ ಆ ಗಣಿತ ಆರಂಭವಾಗುವುದೇ ಇಲ್ಲ.

ಸಾಮರ್ಥ್ಯದ ಲೆಕ್ಕದಲ್ಲಿ ಕನ್ನಡದ ಕಲಿಕಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಅತಿ ದೊಡ್ಡ ಕೋಡಿನಲ್ಲಿ 7,089 ಅಂಕಿಗಳು, ಅಥವಾ 2,953 ಬೈಟ್‌ಗಳು, ಅಥವಾ ಜಪಾನಿನ 1,817 ಕಾಂಜಿ ಅಕ್ಷರಗಳು ಹಿಡಿಸುತ್ತವೆ. ಕಾಂಜಿಗಾಗಿ ವಿನ್ಯಾಸದಲ್ಲೇ ಪ್ರತ್ಯೇಕ ವ್ಯವಸ್ಥೆ ಇದೆ, ಕನ್ನಡಕ್ಕೆ ಇಲ್ಲ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬೈಟ್‌ಗಳಾಗಿ ದಾಖಲಿಸುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ 3 ಬೈಟ್ ತೆಗೆದುಕೊಳ್ಳುತ್ತದೆ, ಕಾಗುಣಿತದ ಚಿಹ್ನೆಗಳೂ ಒತ್ತಕ್ಷರಗಳೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ‘ದುರ್ಗ’ ಎಂದು ಬರೆದರೆ ಕಣ್ಣಿಗೆ ಎರಡೇ ಅಕ್ಷರ. ಕೋಡಿನೊಳಗೆ ಐದು ಸಂಕೇತ, 15 ಬೈಟ್. ಹೀಗಾಗಿ ದೀರ್ಘ ಬರಹವನ್ನು ಕೋಡಿನೊಳಗೆ ತುಂಬುವುದಕ್ಕಿಂತ ಅದರ ಜಾಲವಿಳಾಸವನ್ನಷ್ಟೇ ಇಡುವುದು ಜಾಣತನ. ಕೋಡ್ ಬೀಗದಕೈ ಇದ್ದಂತೆ, ಉಗ್ರಾಣವಲ್ಲ. ಮೊಬೈಲ್ ಟ್ಯಾಗಿಂಗ್ ಬೆಳೆದದ್ದೇ ಈ ತಿಳಿವಳಿಕೆಯ ಮೇಲೆ.

ಡೆನ್ಸೊ ಸಂಸ್ಥೆಯ ಬಳಿ ಪೇಟೆಂಟ್ ಇತ್ತು. ಆದರೂ ನಿಗದಿತ ಮಾನದಂಡದಂತೆ ಕೋಡನ್ನು ಬಳಸುವವರ ಮೇಲೆ ಆ ಹಕ್ಕನ್ನು ಚಲಾಯಿಸುವುದಿಲ್ಲವೆಂದು ಅದು ಪ್ರಕಟಿಸಿತು. 1999ರಲ್ಲಿ ಜಪಾನಿನ ರಾಷ್ಟ್ರೀಯ ಮಾನದಂಡವಾಗಿ, 2000ದಲ್ಲಿ ಐಎಸ್‌ಒ ಅಂತರರಾಷ್ಟ್ರೀಯ ಮಾನದಂಡವಾಗಿ ಕೋಡ್ ಮಾನ್ಯತೆ ಪಡೆಯಿತು. ಯಾರು ಬೇಕಾದರೂ ಶುಲ್ಕವಿಲ್ಲದೆ ಮುದ್ರಿಸಬಹುದು, ಯಾರು ಬೇಕಾದರೂ ಓದುವ ತಂತ್ರಾಂಶ ಬರೆಯಬಹುದು ಎಂಬ ಈ ಸ್ವಾತಂತ್ರ್ಯದ ಬೆಲೆ ಮುಂದೆ ಪ್ರತಿಸ್ಪರ್ಧಿಗಳ ಕಥೆಯನ್ನು ಓದುವಾಗ ತಿಳಿಯುತ್ತದೆ.

ಜಪಾನಿನ ಮುನ್ನಡೆ

ಜಪಾನಿನಲ್ಲಿ 1999ರಲ್ಲೇ ಐ-ಮೋಡ್ ಸೇವೆಯ ಮೂಲಕ ಮೊಬೈಲಿಗೆ ಅಂತರಜಾಲ ಬಂದಿತ್ತು. ಆದರೆ ಅಂಕಿಗಳ ಗುಂಡಿಗಳನ್ನು ಮತ್ತೆ ಮತ್ತೆ ಒತ್ತಿ ಉದ್ದದ ಜಾಲವಿಳಾಸ ಬರೆಯುವುದು ಬಹಳ ತ್ರಾಸದ ಕೆಲಸವಾಗಿತ್ತು. 2002ರಲ್ಲಿ ಶಾರ್ಪ್ ಕಂಪನಿ ಕ್ಯೂಆರ್ ಓದುವ ಸೌಲಭ್ಯವನ್ನು ಒಳಗೇ ಅಳವಡಿಸಿದ ಫೋನನ್ನು ತಂದಿತು, ಉಳಿದ ಕಂಪನಿಗಳೂ ಅದೇ ಹಾದಿ ಹಿಡಿದವು. ಬಳಕೆದಾರರು ಪ್ರತ್ಯೇಕ ತಂತ್ರಾಂಶ ಹಾಕಿಕೊಳ್ಳಬೇಕಾಗಿರಲಿಲ್ಲ. ಪತ್ರಿಕೆಗಳು, ವಿಸಿಟಿಂಗ್ ಕಾರ್ಡುಗಳು, ಭಿತ್ತಿಪತ್ರಗಳು, ಬರ್ಗರ್ ಸುತ್ತುವ ಕಾಗದಗಳ ಮೇಲೂ ಕೋಡುಗಳು ಬಂದವು. ಜನರಿಗಿದ್ದ ನಿತ್ಯದ ತೊಂದರೆಯನ್ನೇ ಕೋಡ್ ನೀಗಿಸಿತು, ನೀಗಿಸುವ ಸಾಧನ ಅವರ ಜೇಬಿನಲ್ಲೇ ಇತ್ತು.

ಪಶ್ಚಿಮದಲ್ಲಿ ತಡವಾದದ್ದೇಕೆ

ಅಮೆರಿಕದಲ್ಲಿ 2000ದಲ್ಲಿ ಕ್ಯೂಕ್ಯಾಟ್ ಎಂಬ ಬೆಕ್ಕಿನಾಕಾರದ ಸ್ಕ್ಯಾನರನ್ನು ದೊಡ್ಡ ಪ್ರಮಾಣದಲ್ಲಿ ಉಚಿತವಾಗಿ ಹಂಚಲಾಯಿತು. ಅದನ್ನು ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿ, ಪತ್ರಿಕೆಯಲ್ಲಿನ ಕೋಡನ್ನು ಓದಿಸಿದರೆ ಜಾಲತಾಣ ತೆರೆಯುತ್ತಿತ್ತು. ಪತ್ರಿಕೆಯನ್ನು ಕಂಪ್ಯೂಟರಿನ ಮುಂದೆ ಕುಳಿತು ಓದುವವರು ಕಡಿಮೆ, ಹಾಗೆ ಕುಳಿತವರಿಗೆ ವಿಳಾಸ ಟೈಪ್ ಮಾಡುವುದೇ ಸುಲಭ. ಯೋಜನೆ ಬೇಗನೆ ಮುಗಿದುಹೋಯಿತು.

ಮುಂದಿನ ವರ್ಷಗಳಲ್ಲಿ ಮೊಬೈಲಿಗಾಗಿಯೇ ಬೇರೆ ಬೇರೆ ಗುರುತುಗಳು ಬಂದವು: ಕೆನಡಾದ ಸೆಮಾಕೋಡ್, ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಬೆಳೆದ ವೃತ್ತಾಕಾರದ ಶಾಟ್‌ಕೋಡ್, ಸ್ವಿಟ್ಜರ್ಲೆಂಡಿನ ಬೀಟ್ಯಾಗ್. ಮೈಕ್ರೋಸಾಫ್ಟ್ 2009ರಲ್ಲಿ ಬಣ್ಣದ ತ್ರಿಕೋನಗಳಿರುವ ತನ್ನದೇ ಟ್ಯಾಗ್ ಪ್ರಕಟಿಸಿತು. ಅದರೊಳಗೆ ಇದ್ದದ್ದು ಒಂದು ಗುರುತಿನ ಸಂಖ್ಯೆ ಮಾತ್ರ. ಆ ಸಂಖ್ಯೆಗೆ ಯಾವ ಮಾಹಿತಿ ಸೇರಿದ್ದೆಂದು ಕಂಪನಿಯ ಸರ್ವರ್ ಹೇಳಬೇಕಿತ್ತು. 2015ರಲ್ಲಿ ಮೈಕ್ರೋಸಾಫ್ಟ್ ಆ ಸೇವೆಯನ್ನು ನಿಲ್ಲಿಸಿತು. ಹೀಗೆ ಒಂದೊಂದು ಗುರುತಿಗೆ ಒಂದೊಂದು ತಂತ್ರಾಂಶ ಬೇಕಾದಾಗ, ಜನ ಯಾವುದನ್ನೂ ಹಾಕಿಕೊಳ್ಳದೆ ಸುಮ್ಮನಾದದ್ದು ಸಹಜ. ಗೂಗಲ್ 2009ರ ಕೊನೆಯಲ್ಲಿ ಅಮೆರಿಕದ 1 ಲಕ್ಷ ಅಂಗಡಿಗಳಿಗೆ ಕ್ಯೂಆರ್ ಸ್ಟಿಕ್ಕರ್ ಕಳಿಸಿಕೊಟ್ಟರೂ ಆ ಬಳಕೆ ಬೇರೂರಲಿಲ್ಲ. ಕಷ್ಟಪಟ್ಟು ಸ್ಕ್ಯಾನ್ ಮಾಡಿದವರಿಗೂ ಹಲವು ಬಾರಿ ಸಿಗುತ್ತಿದ್ದದ್ದು ಮೊಬೈಲಿನಲ್ಲಿ ಸರಿಯಾಗಿ ತೆರೆಯದ ಜಾಲತಾಣ ಅಥವಾ ಇನ್ನೊಂದು ಜಾಹೀರಾತು. ಐಫೋನಿನ ಕ್ಯಾಮೆರಾ ತಾನಾಗಿಯೇ ಕ್ಯೂಆರ್ ಓದತೊಡಗಿದ್ದು 2017ರಲ್ಲಿ.

ದಕ್ಷಿಣ ಕೊರಿಯಾದಲ್ಲಿ ಮಾತ್ರ 2011ರಲ್ಲಿ ಗಮನಾರ್ಹ ಪ್ರಯೋಗ ನಡೆಯಿತು. ಹೋಮ್‌ಪ್ಲಸ್ ಎಂಬ ಅಂಗಡಿ ಸರಣಿಯು ಸೋಲ್ ನಗರದ ಮೆಟ್ರೊ ನಿಲ್ದಾಣವೊಂದರಲ್ಲಿ ಸರಕಿನ ಕಪಾಟುಗಳ ಚಿತ್ರಗಳನ್ನು ಅಂಟಿಸಿ, ಪ್ರತಿ ಸರಕಿಗೂ ಒಂದು ಕೋಡ್ ಕೊಟ್ಟಿತು. ರೈಲಿಗೆ ಕಾಯುವವರು ಸ್ಕ್ಯಾನ್ ಮಾಡಿದರೆ ದಿನಸಿ ಮನೆಗೆ ತಲುಪುತ್ತಿತ್ತು.

ಸ್ಥಳಗಳಿಗೆ ಗುರುತು

ಬ್ರಿಟನ್ನಿನಲ್ಲಿ 2011ರಲ್ಲಿ ಆರಂಭವಾದ ಕ್ಯೂಆರ್‌ಪೀಡಿಯಾ ನಮ್ಮ ಭಾಗಕ್ಕೆ ಅತ್ಯಂತ ಹತ್ತಿರವಾದ ಉದಾಹರಣೆ. ಅದರ ಕೋಡನ್ನು ಸ್ಕ್ಯಾನ್ ಮಾಡಿದರೆ, ಫೋನು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯ ವಿಕಿಪೀಡಿಯ ಲೇಖನ ಲಭ್ಯವಿದ್ದರೆ ತೆರೆಯುತ್ತದೆ. ವೇಲ್ಸ್‌ನ ಮನ್ಮತ್ ಎಂಬ ಪುಟ್ಟ ಊರು 2012ರಲ್ಲಿ ತನ್ನ ಕಟ್ಟಡಗಳು, ಶಾಲೆಗಳು, ಅಂಗಡಿಗಳಿಗೆಲ್ಲ ಇಂಥ ಫಲಕ ಹಾಕಿಕೊಂಡು ಜಗತ್ತಿನ ಮೊದಲ ವಿಕಿಪೀಡಿಯ ಊರು ಎಂದು ಹೆಸರಾಯಿತು. ರಿಯೊ ಡಿ ಜನೈರೊ ನಗರ 2013ರಲ್ಲಿ ಕಡಲತೀರದ ಕಾಲುದಾರಿಯಲ್ಲಿ ಕಪ್ಪು ಬಿಳಿ ಕಲ್ಲುಗಳನ್ನೇ ಜೋಡಿಸಿ ಪ್ರವಾಸಿಗಳಿಗಾಗಿ ಕ್ಯೂಆರ್ ಕೋಡ್ ರಚಿಸಿತು.

ಚಿತ್ರದುರ್ಗದ ಏಳುಸುತ್ತಿನ ಕೋಟೆಯ ದೃಷ್ಟಿಯಿಂದ ಇದನ್ನು ಯೋಚಿಸಿ. ಒನಕೆ ಓಬವ್ವನ ಕಿಂಡಿಯ ಬಳಿ, ಗೋಪಾಲಸ್ವಾಮಿ ಹೊಂಡದ ಬಳಿ ಇಂಥ ಒಂದೇ ಫಲಕ ಇದ್ದರೆ, ಹೊಳಲ್ಕೆರೆಯಿಂದ ಬಂದ ಶಾಲಾ ಮಕ್ಕಳಿಗೆ ಕನ್ನಡದಲ್ಲಿ, ಹೈದರಾಬಾದಿನಿಂದ ಬಂದವರಿಗೆ ತೆಲುಗಿನಲ್ಲಿ ವಿವರ ಸಿಗುತ್ತದೆ. ಆದರೆ ಹಾಗೆ ಸಿಗಬೇಕಾದರೆ ಆ ಭಾಷೆಯಲ್ಲಿ ಒಳ್ಳೆಯ ಲೇಖನವನ್ನು ಯಾರಾದರೂ ಮೊದಲು ಬರೆದಿರಬೇಕು. ಕಲಿಯುವವರೇ ಕೈಗೆತ್ತಿಕೊಳ್ಳಬಹುದಾದ ಕೆಲಸ ಅದು.

ಪಾವತಿಯ ದಾರಿ

ಚೀನಾದಲ್ಲಿ ಅಲಿಪೇ 2011ರಲ್ಲಿ ಕ್ಯೂಆರ್ ಪಾವತಿಯನ್ನು ಆರಂಭಿಸಿತು. ಭಾರತದಲ್ಲಿ ಯುಪಿಐ 2016ರ ಏಪ್ರಿಲ್‌ನಲ್ಲಿ, ಭಾರತ್ ಕ್ಯೂಆರ್ 2017ರ ಫೆಬ್ರವರಿಯಲ್ಲಿ ಬಂದವು. ಕಾರ್ಡ್ ಉಜ್ಜುವ ಯಂತ್ರಕ್ಕೆ ಬಾಡಿಗೆ, ವಿದ್ಯುತ್, ಸಂಪರ್ಕ ಎಲ್ಲವೂ ಬೇಕು. ಮುದ್ರಿತ ಕೋಡಿಗೆ ಒಂದು ಹಾಳೆ ಸಾಕು, ಓದುವ ಸಾಧನ ಗಿರಾಕಿಯ ಕೈಯಲ್ಲೇ ಇರುತ್ತದೆ. ಸ್ಕ್ಯಾನ್ ಮಾಡಿದ್ದಕ್ಕೆ ಸಿಗುವ ಫಲವೂ ಇಲ್ಲಿ ಜಾಹೀರಾತಲ್ಲ, ವ್ಯವಹಾರವೇ ಮುಗಿಯುತ್ತದೆ.

ಅಂಗಡಿಯ ಗೋಡೆಯಲ್ಲಿರುವುದು ಸ್ಥಿರ ಕೋಡ್. ಅದರಲ್ಲಿ ಮುಖ್ಯವಾಗಿ ವ್ಯಾಪಾರಿಯ ಯುಪಿಐ ವಿಳಾಸ ಮತ್ತು ಹೆಸರು ಇರುತ್ತವೆ. ಮೊತ್ತವನ್ನು ಗಿರಾಕಿಯೇ ಬರೆಯಬೇಕು. ಯಂತ್ರದ ಪರದೆಯ ಮೇಲೆ ಪ್ರತಿ ಬಿಲ್ಲಿಗೂ ಹೊಸದಾಗಿ ಮೂಡುವುದು ಚರ ಕೋಡ್; ಮೊತ್ತವೂ ಅದರೊಳಗೇ ಇರುತ್ತದೆ. ಸ್ಥಿರ ಕೋಡಿಗೆ ಎರಡು ಕೊರತೆಗಳಿವೆ. ಹಣ ಬಂದದ್ದು ಕೋಡಿಗೆ ಗೊತ್ತಾಗುವುದಿಲ್ಲ, ಆದ್ದರಿಂದಲೇ ಮೊತ್ತವನ್ನು ಕನ್ನಡದಲ್ಲಿ ಕೂಗಿ ಹೇಳುವ ಸೌಂಡ್‌ಬಾಕ್ಸ್ ಗಲ್ಲಾದ ಪಕ್ಕಕ್ಕೆ ಬಂದಿತು. ಇನ್ನೊಂದು, ಅಸಲಿ ಸ್ಟಿಕ್ಕರಿನ ಮೇಲೆ ವಂಚಕರು ಬೇರೊಂದನ್ನು ಅಂಟಿಸಿದರೆ ನೋಟದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಪಿನ್ ಒತ್ತುವ ಮೊದಲು ಪರದೆಯ ಮೇಲೆ ಮೂಡುವ ಹೆಸರನ್ನು ಅಂಗಡಿಯವರಿಗೆ ಓದಿ ಹೇಳಿ ಖಚಿತಪಡಿಸಿಕೊಳ್ಳುವುದೇ ಇದಕ್ಕಿರುವ ಸುಲಭದ ಪರೀಕ್ಷೆ.