ಅಗ್ಗದ ಇಸಿಜಿ ಯಂತ್ರವನ್ನು ನಂಬಬಹುದಾ?

ಪ್ರಶ್ನೆ: ನಮ್ಮೂರ ಕ್ಲಿನಿಕ್‌ಗೆ ಪುಟ್ಟ ಇಸಿಜಿ ಯಂತ್ರ ಬಂದಿದೆ. ದೊಡ್ಡಾಸ್ಪತ್ರೆಯದಕ್ಕಿಂತ ತುಂಬಾ ಕಡಿಮೆ ಬೆಲೆಯದಂತೆ. ಬೆಲೆ ಇಳಿಸೋಕೆ ಗುಣಮಟ್ಟವನ್ನೂ ಇಳಿಸಿರ್ತಾರೆ ಅಲ್ವಾ?

ಉತ್ತರ: ಈ ಅನುಮಾನ ಸಹಜ. ಸಂತೆಯಲ್ಲಿ ಕೊಂಡ ಟಾರ್ಚ್ ಎರಡೇ ದಿನಕ್ಕೆ ಕೈಕೊಟ್ಟಿದ್ದು ಯಾರಿಗೆ ನೆನಪಿಲ್ಲ? ಆದರೆ ಸುಮ್ನೆ ಸಾಮಾನು ಕಳಪೆ ಮಾಡಿ ಬೆಲೆ ಇಳಿಸುವುದೇ ಬೇರೆ, ಯಂತ್ರ ಎಲ್ಲಿ, ಯಾರ ಕೈಯಲ್ಲಿ ಓಡಬೇಕು ಅಂತ ನೋಡಿ ಮೊದಲಿಂದ ಕಟ್ಟುವುದೇ ಬೇರೆ.

ಅಮೆರಿಕದ ಜಿಇ (ಜನರಲ್ ಎಲೆಕ್ಟ್ರಿಕ್) ಕಂಪನಿಯ ಬೆಂಗಳೂರಿನ ಎಂಜಿನಿಯರ್‌ಗಳು ಮಾಡಿದ್ದು ಎರಡನೆಯದನ್ನು. ಅವರ ಯಂತ್ರದ ಹೆಸರು ಮ್ಯಾಕ್ 400. ಸಾಮಾನ್ಯ ಇಸಿಜಿ ಯಂತ್ರಕ್ಕೆ ಸುಮಾರು 2,000 ಡಾಲರ್ ಇದ್ದಾಗ ಇದು ಸುಮಾರು 800 ಡಾಲರ್‌ಗೆ ಬಂತು. ಉಳಿಸಿದ್ದು ಎಲ್ಲಿ ಗೊತ್ತಾ? ಪ್ರಿಂಟರ್‌ನಲ್ಲಿ. ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಟಿಕೆಟ್ ಮೆಷಿನ್ ನೋಡಿರ್ತೀರಿ. ಗುಂಡಿ ಒತ್ತಿದರೆ ಚರ್ರ್ ಅಂತ ಚೀಟಿ ಹೊರಗೆ. ಧೂಳು, ಬೆವರು, ನೂಕುನುಗ್ಗಲು, ಗುಂಡಿ ಬಿದ್ದ ರಸ್ತೆ, ಎಲ್ಲಾ ತಡೆದುಕೊಂಡು ಬೆಳಗಿಂದ ರಾತ್ರಿವರೆಗೆ ದುಡಿಯುತ್ತದೆ. ಅಂಥದೇ ಪುಟ್ಟ ಪ್ರಿಂಟರನ್ನು ಇಸಿಜಿಗೂ ಹಾಕಿದರು. ಗುಂಡಿಗಳು ನಾಲ್ಕೇ. ಕರೆಂಟ್ ಹೋದರೂ ಬ್ಯಾಟರಿಯಲ್ಲಿ ಓಡುತ್ತದೆ. ಬ್ಯಾಗಿನಲ್ಲಿ ಹಾಕಿಕೊಂಡು ರೋಗಿಯ ಮನೆಗೇ ಹೋಗಬಹುದು.

ಇಸಿಜಿ ಅಳೆಯುವುದು ಹೃದಯದಿಂದ ಚರ್ಮದವರೆಗೆ ಬರುವ ವಿದ್ಯುತ್ತನ್ನು. ಅದು ತೀರಾ ಸಣ್ಣದು, ಮಿಲಿವೋಲ್ಟ್ (ವೋಲ್ಟ್‌ನ ಸಾವಿರದಲ್ಲೊಂದು ಪಾಲು) ಲೆಕ್ಕದ್ದು. ಅದನ್ನು ಸರಿಯಾಗಿ ಹಿಡಿಯುವ ಜಾಗದಲ್ಲಿ ದುಡ್ಡು ಉಳಿಸಿದರೆ ಯಂತ್ರ ಇದ್ದೂ ಇಲ್ಲದಂತೆ. ಒಳ್ಳೆಯ ಅಗ್ಗದ ಯಂತ್ರ ಅಲ್ಲಿ ಕೈ ಹಾಕುವುದಿಲ್ಲ.

ನನಗೆ ಯಂತ್ರದ ಬೆಲೆಗಿಂತ ಇನ್ನೊಂದು ಲೆಕ್ಕ ದೊಡ್ಡದು. ಮ್ಯಾಕ್ 400ರಲ್ಲಿ ಒಂದು ಪರೀಕ್ಷೆಯ ಖರ್ಚು ಸುಮಾರು ಒಂದು ಡಾಲರ್‌ಗೆ ಇಳಿಯಿತು. ಆಮೇಲೆ ಬಂದ ಮ್ಯಾಕ್ ಐ ಯಂತ್ರದಲ್ಲಿ ಸುಮಾರು 9 ರೂಪಾಯಿ, ಆಗಿನ ಒಂದು ಬಾಟಲಿ ನೀರಿನ ಬೆಲೆ. ಎದೆ ಹಿಡಿದುಕೊಂಡಾಗ "ಗ್ಯಾಸ್ ಇರಬೇಕು" ಅಂತ ಜೀರಿಗೆ ನೀರು ಕುಡಿದು ಮಲಗುವವರು ಎಷ್ಟು ಜನ! ತಾಲ್ಲೂಕು ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ ಅನ್ನುವ ಚಿಂತೆ ಅವರದು. ಪರೀಕ್ಷೆ ಮನೆ ಹತ್ತಿರವೇ, ಕೈಗೆಟುಕುವ ದರದಲ್ಲಿ ಸಿಕ್ಕರೆ ಅವರು ಎದ್ದು ಬರುತ್ತಾರೆ.

ನಿಮ್ಮೂರ ಯಂತ್ರ ಯಾವ ಕಂಪನಿಯದೋ, ಅಳತೆ ಸರಿ ಇದೆಯಾ ಅನ್ನುವುದಕ್ಕೆ ಒಂದು ಗುರುತು ನೀವೇ ನೋಡಬಹುದು. ಚೀಟಿಯಲ್ಲಿ ಅಲೆಗಳ ಪಕ್ಕ ಪೆಟ್ಟಿಗೆಯಂಥ ಒಂದು ಗೆರೆ ಇರುತ್ತದೆ. ಸಾಮಾನ್ಯ ಅಳತೆಯಲ್ಲಿ ಅದು ಹತ್ತು ಸಣ್ಣ ಚೌಕದಷ್ಟು ಎತ್ತರ ಇರಬೇಕು. ಇನ್ನು, ದೊಡ್ಡ ಯಂತ್ರವಾಗಲಿ ಚಿಕ್ಕದಾಗಲಿ, ಒಂದು ಇಸಿಜಿ ಸರಿ ಬಂತು ಅಂತ ಎದೆನೋವನ್ನು ಕಡೆಗಣಿಸಬೇಡಿ. ನೋವು ಹೋಗದಿದ್ದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ, ಅಲ್ಲಿ ಮತ್ತೆ ತೆಗೆಯುತ್ತಾರೆ. ಜೇಬಲ್ಲಿ ಮರೆತ ಬಸ್ ಟಿಕೆಟ್ ಬೆಳ್ಳಗಾಗುತ್ತಲ್ಲ, ಈ ಚೀಟಿಯೂ ಹಾಗೇ ಮಾಸುತ್ತದೆ. ಅವತ್ತೇ ಒಂದು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ.