ಕಳವು: ಬೈಬಲ್ ಪ್ರಕಾರ ಕದ್ದವನು ಎಷ್ಟು ತೆರಬೇಕು?

"ಕದಿಯಬಾರದು." ಹತ್ತು ಆಜ್ಞೆಗಳಲ್ಲಿ ಇದೂ ಒಂದು. ಒಂದೇ ಪದ, ಅಷ್ಟೇ. ಕದ್ದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಈ ಆಜ್ಞೆ ಇರುವ ಬೈಬಲಿನ ವಿಮೋಚನಕಾಂಡ ಎಂಬ ಪುಸ್ತಕದ 20ನೇ ಅಧ್ಯಾಯದಿಂದ 22ಕ್ಕೆ ಹೋಗಬೇಕು.

ಅಲ್ಲಿ ಜೈಲಿಲ್ಲ, ಕೈ ಕಡಿಯುವುದೂ ಇಲ್ಲ. ಇರುವುದು ಲೆಕ್ಕ. ಕದ್ದ ಎತ್ತನ್ನು ಕೊಯ್ದರೆ ಅಥವಾ ಮಾರಿದರೆ ಒಂದಕ್ಕೆ ಐದು ಎತ್ತು ಕೊಡಬೇಕು, ಕುರಿಯಾದರೆ ನಾಲ್ಕು ಕುರಿ. ಪ್ರಾಣಿ ಜೀವಂತ ಸಿಕ್ಕರೆ ಎರಡರಷ್ಟು ಸಾಕು. ಎತ್ತಿಗೆ ಯಾಕೆ ಜಾಸ್ತಿ? ಕಾರಣ ಅಲ್ಲಿ ಬರೆದಿಲ್ಲ, ಆದರೆ ಬೇಸಾಯ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ, ಉಳುವ ಎತ್ತು ಹೋದರೆ ಆ ವರ್ಷದ ಬೆಳೆಯೂ ಹೋದ ಹಾಗೆಯೇ. ಇದು ಖಜಾನೆಗೆ ಕಟ್ಟುವ ದಂಡವಲ್ಲ, ಕಳಕೊಂಡವನ ಕೈಗೇ ಸೇರಬೇಕು. ನನಗೆ ಮುಖ್ಯ ಅನ್ನಿಸುವುದು ಇದೇ.

ತೆರಲು ಏನೂ ಇಲ್ಲದಿದ್ದರೆ ಕಳ್ಳನನ್ನೇ ಮಾರಬೇಕು ಎಂದೂ ಇದೆ. ಇವತ್ತು ಓದುವಾಗ ಅದು ಚುಚ್ಚುತ್ತದೆ, ಮುಚ್ಚಿಡುವುದು ಬೇಡ. ಆದರೆ ಕಳ್ಳನ ಜೀವಕ್ಕೂ ಬೆಲೆಯಿತ್ತು: ರಾತ್ರಿ ಕನ್ನ ಕೊರೆಯುವಾಗ ಏಟು ಬಿದ್ದು ಸತ್ತರೆ ಹೊಡೆದವನ ಮೇಲೆ ಕೊಲೆಯ ದೋಷವಿಲ್ಲ, ಹೊತ್ತು ಹುಟ್ಟಿದ ಮೇಲೆ ಕೊಂದರೆ ದೋಷ ಉಂಟು.

ತಾನಾಗಿ ತಪ್ಪೊಪ್ಪಿಕೊಂಡವನಿಗೆ ಲೆಕ್ಕ ಹಗುರ. ಕದ್ದಷ್ಟೂ ಕೊಟ್ಟು, ಅದರ ಐದನೇ ಒಂದು ಪಾಲು ಮೇಲೆ ಸೇರಿಸಬೇಕು, ಅಂದರೆ 100ಕ್ಕೆ 120. ಇದು ಬೈಬಲಿನ ಇನ್ನೊಂದು ಪುಸ್ತಕವಾದ ಯಾಜಕಕಾಂಡದಲ್ಲಿದೆ; ಅಲ್ಲಿ ಮೊದಲು ಬರುವುದು ಈ ತೀರುವಳಿ, ದೋಷ ಕಳೆಯಲು ದೇವರಿಗೆ ಕೊಡುವ ಟಗರಿನ ಬಲಿ ಆಮೇಲೆ.

ಇನ್ನು ಕಳವು ಅಂದರೆ ಬರೀ ಗೋಡೆ ಹಾರುವುದಲ್ಲ. ತಕ್ಕಡಿಯಲ್ಲಿ ಮೋಸ ಮಾಡಬಾರದು. ಕೂಲಿಯವನ ದುಡ್ಡನ್ನು ಬೆಳಗಿನ ತನಕ ಇಟ್ಟುಕೊಳ್ಳಲೂಬಾರದು. ಅದೇ ಪಕ್ಕದವನ ದ್ರಾಕ್ಷಿ ತೋಟಕ್ಕೆ ಹೋದಾಗ ಹೊಟ್ಟೆ ತುಂಬ ತಿನ್ನಬಹುದು, ಬುಟ್ಟಿಗೆ ಮಾತ್ರ ಹಾಕಿಕೊಳ್ಳುವ ಹಾಗಿಲ್ಲ. ಹಸಿದು ಕದ್ದವನನ್ನು ಜನ ಹೀನವಾಗಿ ನೋಡುವುದಿಲ್ಲ ಎಂದು ಬೈಬಲಿನ ಜ್ಞಾನೋಕ್ತಿಗಳು ಹೇಳುತ್ತವೆ, ಆದರೂ ಸಿಕ್ಕಿಬಿದ್ದರೆ ಏಳರಷ್ಟು ತೆರಲೇಬೇಕು.

ಯೆರಿಕೋ ಊರಿನದೇ ಎರಡು ಕಥೆಗಳಿವೆ. ಮೋಶೆಯ ನಂತರ ಇಸ್ರಾಯೇಲ್ಯರನ್ನು ನಡೆಸಿದ ಯೆಹೋಶುವನ ಕಾಲದಲ್ಲಿ ಆ ಊರು ಅವರ ಕೈಗೆ ಬಿದ್ದಾಗ ಅಲ್ಲಿನ ಬೆಳ್ಳಿ ಬಂಗಾರವೆಲ್ಲ ದೇವರಿಗೆ ಮೀಸಲು ಎಂದು ಸಾರಲಾಗಿತ್ತು. ಆಕಾನ್ ಎಂಬವನು ಒಂದು ಚೆಂದದ ನಿಲುವಂಗಿ, 200 ಶೆಕೆಲ್ (ಆ ಕಾಲದ ತೂಕದ ಅಳತೆ) ಬೆಳ್ಳಿ, 50 ಶೆಕೆಲ್ ತೂಕದ ಚಿನ್ನದ ಗಟ್ಟಿ ಎತ್ತಿಕೊಂಡು ಡೇರೆಯೊಳಗೆ ನೆಲದಲ್ಲಿ ಹೂತಿಟ್ಟ. ಅವನನ್ನು ಕಲ್ಲೆಸೆದು ಕೊಂದರು. ಸುಮ್ನೆ ಕಳವು ಆಗಿದ್ದರೆ ಇಷ್ಟು ದೂರ ಹೋಗುತ್ತಿರಲಿಲ್ಲ.

ಎರಡನೆಯದು ಲೂಕನ ಸುವಾರ್ತೆಯ ಜಕ್ಕಾಯ, ಅದೇ ಊರಿನ ಸುಂಕದವರ ಮುಖ್ಯಸ್ಥ. ಗಿಡ್ಡ ಆಳು, ಯೇಸುವನ್ನು ನೋಡಲು ಮರ ಹತ್ತಿದವನು. ಯೇಸು ತನ್ನ ಮನೆಗೇ ಬಂದಾಗ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಯಾರಿಂದ ಮೋಸದಿಂದ ಕಿತ್ತುಕೊಂಡಿದ್ದೇನೋ ಅವರಿಗೆ ನಾಲ್ಕರಷ್ಟು ಎಂದುಬಿಟ್ಟ. ಒಪ್ಪಿಕೊಂಡವನು ಐದನೇ ಪಾಲು ಸೇರಿಸಿದರೆ ಸಾಕಿತ್ತು. ಕುರಿ ಕದ್ದು ಕೊಯ್ದವನಿಗೆ ಹಾಕಿದ ಲೆಕ್ಕವನ್ನು ಇವನು ತನ್ನ ಮೇಲೆ ತಾನೇ ಹಾಕಿಕೊಂಡ.

ಯೇಸುವಿನ ಸುವಾರ್ತೆ ಸಾರಿದ ಪೌಲನೂ ಕೊರಿಂಥ ಎಂಬ ಊರಿನ ಕ್ರೈಸ್ತರಿಗೆ ಬರೆಯುವಾಗ, ದೇವರ ರಾಜ್ಯ ಸಿಗದವರ ಪಟ್ಟಿಯಲ್ಲಿ ಕಳ್ಳರನ್ನು ಸೇರಿಸುತ್ತಾನೆ. ಮರುಸಾಲಿನಲ್ಲೇ, ನಿಮ್ಮಲ್ಲೂ ಕೆಲವರು ಹಿಂದೆ ಇಂಥವರೇ ಆಗಿದ್ದಿರಿ ಎನ್ನುತ್ತಾನೆ.