ಹರಕೆ ಅಂದ್ರೆ ಎಂತ?

ಹರಕೆ ಅನ್ನೋ ಪದಕ್ಕೆ ಡಿಕ್ಷನರಿ ತೆಗೆದು ನೋಡಿದ್ರೆ ಎರಡು ಅರ್ಥ ಸಿಗ್ತದೆ. ಒಂದು ಆಶೀರ್ವಾದ, ಇನ್ನೊಂದು ದೇವರಿಗೆ ಇಂಥದ್ದು ಒಪ್ಪಿಸ್ತೇನೆ ಅಂತ ಹೇಳಿಕೊಂಡ ಮಾತು. ನಮ್ಮ ಮಂಗಳೂರು ಕಡೆ ಬಾಯಲ್ಲಿ ಓಡಾಡೋದು ಎರಡನೇದೇ, ಮೊದಲನೇ ಅರ್ಥ ನನಗೂ ಗೊತ್ತಿರ್ಲಿಲ್ಲ. ಮಗಳ ತಲೆ ಆಪರೇಷನ್ ಆಗಿ ಎಷ್ಟೋ ತಿಂಗಳ ಮೇಲೆ, ನಾನು ಅಷ್ಟು ಸಲ ಹೇಳಿಕೊಂಡ ಈ ಪದಕ್ಕೆ ನಿಜವಾಗಿ ಎಂತ ಅರ್ಥ ಅಂತ ಹುಡುಕ್ಲಿಕ್ಕೆ ಹೋದಾಗ ಸಿಕ್ಕಿದ್ದು.

ಹಳಗನ್ನಡದಲ್ಲಿ ಇದು ಪರಕೆ. ಪರಸು ಅಂದ್ರೆ ಹರಸು, ಅದರಿಂದ ಪರಕೆ. ಪಾಲು ಹಾಲಾಯ್ತು, ಪೂ ಹೂವಾಯ್ತು, ಹಾಗೇ ಪರಕೆ ಹರಕೆ ಆಯ್ತು. ತುಳುವಲ್ಲಿ ಆ ‘ಪ’ ಅಳಿಸಿ ಹೋಗ್ಲಿಲ್ಲ, ನಮ್ಮ ಅತ್ತೆ ಈಗ್ಲೂ ಪರಕೆ ಅಂತಲೇ ಹೇಳೋದು. ಅಂದ್ರೆ ಮೂಲದಲ್ಲಿ ಇದು ದೊಡ್ಡವರು ಚಿಕ್ಕವರ ತಲೆ ಮೇಲೆ ಕೈ ಇಟ್ಟು ಹೇಳೋ ಒಳ್ಳೇ ಮಾತು. ಅದು ಯಾವಾಗಲೋ ತಿರುಗಿ ಕೆಳಗಿನಿಂದ ಮೇಲಕ್ಕೆ ಹೋಗೋ ಮಾತೂ ಆಯ್ತು. 12ನೇ ಶತಮಾನದ ವಚನದಲ್ಲೇ ಹರಕೆಯ ಕುರಿ ಉಂಟು, ಹಾಗಾಗಿ ಆ ತಿರುಗಿದ್ದು ಮೊನ್ನೆ ಮೊನ್ನೆ ಅಲ್ಲ.

ಹರಕೆಗೂ ಪ್ರಾರ್ಥನೆಗೂ ವ್ಯತ್ಯಾಸ ಉಂಟು. ಪ್ರಾರ್ಥನೆಯಲ್ಲಿ ಕೇಳ್ತೇವೆ ಅಷ್ಟೆ. ಹರಕೆಯಲ್ಲಿ ಕೇಳಿದ್ದರ ಜೊತೆಗೆ ನಾವು ಎಂತ ಮಾಡ್ತೇವೆ ಅಂತ ಹೇಳ್ಬೇಕು, ಯಾವ ಜಾಗ, ಯಾವ ವಸ್ತು ಅಂತ ಬಿಡಿಸಿ ಹೇಳ್ಬೇಕು. ಸೇವೆ ಹಾಗಲ್ಲ, ಯಾವ ಕಾರಣ ಇಲ್ಲದೆಯೂ ಕೌಂಟರಿಗೆ ಹೋಗಿ ರಶೀದಿ ಮಾಡಿಸಬಹುದು. ಮುಡಿಪು ಅಂದ್ರೆ ಹಣ ಬಟ್ಟೆಯಲ್ಲಿ ಕಟ್ಟಿ ಬೇರೆ ತೆಗೆದಿಡೋದು, ಆಮೇಲೆ ಅದನ್ನ ಬೇರೆ ಖರ್ಚಿಗೆ ಮುಟ್ಲಿಕ್ಕಿಲ್ಲ.

ಹರಕೆಯ ವಸ್ತು ನೋಡಿದ್ರೆ ಊರಿನ ಪರಿಚಯ ಆಗ್ತದೆ. ಏನಾದ್ರೂ ಕಳೆದುಹೋದ್ರೆ ಕುತ್ತಾರಿನ ಕೊರಗಜ್ಜ ದೈವಕ್ಕೆ ಚಕ್ಕುಲಿ, ವೀಳ್ಯ. ದೊಡ್ಡ ಕಷ್ಟ ಆದ್ರೆ ಕಟೀಲಿಗೆ ಯಕ್ಷಗಾನದ ಹರಕೆ ಆಟ, ಅದಕ್ಕೆ ಹೆಸರು ಕೊಟ್ಟು ವರ್ಷಗಟ್ಟಲೆ ಕಾಯಬೇಕು. ಉಜಿರೆ ಹತ್ತಿರದ ಸೂರ್ಯ ಅನ್ನೋ ಜಾಗದ ಸದಾಶಿವ ರುದ್ರನಿಗೆ ಮಣ್ಣಿನ ಹರಕೆ, ಮನೆ ಆಗ್ಬೇಕಾದವ್ರು ಮಣ್ಣಿನ ಮನೆ, ಮಕ್ಕಳು ಬೇಕಾದವ್ರು ಮಣ್ಣಿನ ತೊಟ್ಟಿಲು, ಕೈಕಾಲು ನೋವಿದ್ದವ್ರು ಮಣ್ಣಿನ ಕೈಕಾಲು ಒಪ್ಪಿಸ್ತಾರೆ. ಜಾತಿ ಧರ್ಮದ ಗಡಿ ಈ ಪದಕ್ಕೆ ಅಷ್ಟಾಗಿ ತಾಗುದಿಲ್ಲ, ಕೊಂಕಣಿಯಲ್ಲಿ ಆಂಗವ್ಣ್ ಅಂತಾರೆ, ಬ್ಯಾರಿ ಮುಸ್ಲಿಮರು ನೇರ್ಚೆ ಅಂತಾರೆ. ಪಕ್ಕದ ಮನೆ ಬಾಯಮ್ಮ ನಮ್ಮ ಮಗಳಿಗಾಗಿ ಕಾರ್ಕಳದ ಅತ್ತೂರು ಸಂತ ಲಾರೆನ್ಸರಿಗೆ ಮೊಂಬತ್ತಿ ಹೇಳಿಕೊಂಡಿದ್ರು, ಯಾವಾಗ ಹೇಳಿಕೊಂಡದ್ದು ಅಂತ ನನಗೆ ಗೊತ್ತೇ ಇಲ್ಲ, ತೀರಿಸಿ ಬಂದ ಮೇಲೆ ಬಂದು ಹೇಳಿದ್ದು.

ಇನ್ನು ಇದರ ಜೊತೆ ಬರೋ ಕ್ರಿಯಾಪದಗಳು, ನನಗೆ ತುಂಬ ಇಷ್ಟ ಆದದ್ದು ಇದೇ. ಹರಕೆ ‘ಹೇಳಿಕೊಳ್ಳೋದು’, ಆ ‘ಕೊಳ್ಳು’ ನೋಡಿ, ದೇವರಿಗೆ ಹೇಳೋದಾದ್ರೂ ತನಗೆ ತಾನೇ ಹೇಳಿದ ಹಾಗೆ. ಹರಕೆ ‘ಹೊರೋದು’, ತಲೆ ಮೇಲೆ ಹೊರೆ ಇಟ್ಟುಕೊಂಡ ಹಾಗೆ. ಆಮೇಲೆ ‘ತೀರಿಸೋದು’, ‘ಸಂದಾಯ’ ಮಾಡೋದು, ಸಾಲಕ್ಕೂ ಇದೇ ಮಾತು. ಸಾಲದ ಮಾತು ಬಂದ ಕಡೆ ‘ಬಾಕಿ’ಯೂ ಬಂದೇ ಬರ್ತದೆ, ಅಲ್ಲಿಗೆ ಈ ಪದ ಮನುಷ್ಯರನ್ನ ಕುಯ್ಲಿಕ್ಕೆ ಶುರು ಮಾಡ್ತದೆ.

ನಮ್ಮ ಮಗಳಿಗೆ ಹತ್ತು ತಿಂಗಳಾಗುವಾಗ ಮೊದಲ ಸಲ ಫಿಟ್ಸ್ ಬಂತು. ಎಡಗೈ ಎಳೀತಿತ್ತು, ಬಾಯಿ ಒಂದು ಬದಿಗೆ ವಾಲ್ತಿತ್ತು, ಆಮೇಲೆ ಇಡೀ ಮೈ. ನೋಡ್ಲಿಕ್ಕೆ ಬಂದ ನೆಂಟರೊಬ್ರು ಕೈಗೆ ಕಬ್ಬಿಣದ ಕೀ ಹಿಡಿಸಿದ್ರು, ಆಮೇಲೆ ಚಾ ಕುಡೀತಾ ‘ನಿಮ್ಮ ಮನೇಲಿ ಯಾವುದೋ ಹಳೇ ಹರಕೆ ಬಾಕಿ ಉಂಟು’ ಅಂದ್ರು. ಕೀಯಿಂದ ಎಂತ ಉಪಯೋಗವೂ ಇಲ್ಲ, ಮಗುವನ್ನ ಒಂದು ಮಗ್ಗುಲಿಗೆ ಮಲಗಿಸ್ಬೇಕು, ಬಾಯಿಗೆ ಏನೂ ಹಾಕಬಾರ್ದು, ಐದು ನಿಮಿಷ ದಾಟಿದ್ರೆ ಆಸ್ಪತ್ರೆಗೆ ಓಡ್ಬೇಕು, ಇದೆಲ್ಲ ನಾವು ಡಾಕ್ಟರಿಂದ ಕಲ್ತದ್ದು. ಆದ್ರೆ ಆ ‘ಬಾಕಿ’ ಅನ್ನೋ ಮಾತು ಎರಡು ವರ್ಷ ನನ್ನ ಎದೆಯಲ್ಲಿ ಕೂತಿತ್ತು. ರಾತ್ರಿ ಎದ್ದು ಕೂತು ನನ್ನ ಮದುವೆಗೆ ಅಮ್ಮ ಎಂತ ಹೇಳಿಕೊಂಡಿದ್ರು, ಬಾಣಂತನದಲ್ಲಿ ನಾನು ಎಂತ ಹೇಳಿಕೊಂಡಿದ್ದೆ ಅಂತ ಲೆಕ್ಕ ಹಾಕ್ತಿದ್ದೆ. ಹರಕೆಗೆ ಇಂಥ ಅರ್ಥ ಕೊಡೋದು ತಪ್ಪು, ಇದನ್ನ ನಾನು ಖಡಾಖಂಡಿತ ಹೇಳ್ತೇನೆ. ಹರಸು ಅನ್ನೋ ಬೇರಿಂದ ಹುಟ್ಟಿದ ಪದವನ್ನ ತಂದು ಹಾಲು ಕುಡಿಯೋ ಮಗುವಿನ ಮೇಲೆ ಶಾಪದ ಹಾಗೆ ಇಡಬಾರ್ದು.

ಕಾರಣ ಎಂಆರ್‌ಐನಲ್ಲಿ ಕಂಡಿತು. ಫೋಕಲ್ ಕಾರ್ಟಿಕಲ್ ಡಿಸ್ಪ್ಲೇಸಿಯಾ, ಅಂದ್ರೆ ಮಗು ಹೊಟ್ಟೆಯಲ್ಲಿರುವಾಗ್ಲೇ ಮೆದುಳಿನ ಮೇಲ್ಪದರದ ಒಂದು ಜಾಗ ಸರಿಯಾಗಿ ಜೋಡಣೆ ಆಗಿರುದಿಲ್ಲ, ಅಲ್ಲಿಂದ ಕರೆಂಟು ಕಿಡಿ ಹಾರಿದ ಹಾಗೆ ಫಿಟ್ಸ್ ಹೊರಡ್ತದೆ. ಇವಳಿಗೆ ಬಲಗಡೆ, ಹಣೆಯ ಹಿಂದೆ. ಸರಿಯಾಗಿ ಆರಿಸಿದ ಎರಡು ಔಷಧಿ ಸರಿಯಾದ ಪ್ರಮಾಣದಲ್ಲಿ ಕೊಟ್ಟೂ ಫಿಟ್ಸ್ ನಿಲ್ಲದಿದ್ರೆ ಅದನ್ನ ಔಷಧಿಗೆ ಬಗ್ಗದ ಅಪಸ್ಮಾರ ಅಂತಾರೆ, ಆಗ ಸರ್ಜರಿ ಆಗ್ತದಾ ಅಂತ ನೋಡಿಸ್ಬೇಕು. ನಾವು ನೋಡಿಸಿದ್ದು ತಡವಾಗಿ, ನಾಲ್ಕನೇ ಔಷಧಿ ಆದ ಮೇಲೆ.

ಸರ್ಜರಿಗೆ ಮುಂಚೆ ವಿಡಿಯೋ ಇಇಜಿ, ಅಂದ್ರೆ ವಿಡಿಯೋ ತೆಗೀತಾ ಮೆದುಳಿನ ಕರೆಂಟು ದಾಖಲಿಸೋ ಪರೀಕ್ಷೆ. ತಲೆ ತುಂಬ ವಯರ್ ಅಂಟಿಸಿ, ಎದುರು ಕ್ಯಾಮೆರಾ ಇಟ್ಟು, ಮಾತ್ರೆ ಕಡಿಮೆ ಮಾಡ್ತಾರೆ, ಫಿಟ್ಸ್ ಬರ್ಬೇಕು ಅಂತ. ಬಂದ್ರೆ ಮಾತ್ರ ಎಲ್ಲಿಂದ ಹೊರಡ್ತದೆ ಅಂತ ಹಿಡೀಲಿಕ್ಕೆ ಆಗೋದು. ಮೂರು ವರ್ಷ ಫಿಟ್ಸ್ ಬರಬಾರ್ದು ಅಂತ ಕಂಡ ದೇವರಿಗೆಲ್ಲ ಹೇಳಿಕೊಂಡವಳು ನಾನು, ಅಲ್ಲಿ ಫಿಟ್ಸ್ ಬಂದ ಕೂಡ್ಲೇ ಒತ್ತೋ ಬಟನ್ ಕೈಯಲ್ಲಿ ಹಿಡ್ಕೊಂಡು ಬರ್ಲಿ ಅಂತ ಕಾಯ್ತಾ ಕೂತಿದ್ದೆ. ಎರಡು ದಿನ ಬರ್ಲೇ ಇಲ್ಲ. ಆಗ ಅತ್ತೆಗೆ ಫೋನ್ ಮಾಡಿ ‘ಇದಕ್ಕೆ ಹರಕೆ ಹೇಳಬಹುದಾ ಅತ್ತೆ, ಬರ್ಲಿ ಅಂತ’ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. ‘ಹೇಳು ಮಗಾ, ದೇವರಿಗೆ ಯಾಕೆ ಅಂತ ಗೊತ್ತಾಗ್ತದೆ’ ಅಂದ್ರು. ಮೂರನೇ ದಿನ ಬೆಳಿಗ್ಗೆ ಬಂತು, ನಾನು ಬಟನ್ ಒತ್ತಿದೆ, ಒತ್ತಿ ಅತ್ತುಬಿಟ್ಟೆ.

ಆಪರೇಷನ್ ಹಿಂದಿನ ದಿನ ಸರ್ಜನ್ ನಮ್ಮನ್ನ ಕೂರಿಸಿಕೊಂಡು ಎಲ್ಲಾ ಹೇಳಿದ್ರು. ಪೂರ್ತಿ ನಿಲ್ಲಬಹುದು, ಕಡಿಮೆ ಆಗಬಹುದು, ಏನೂ ವ್ಯತ್ಯಾಸ ಆಗದೆಯೂ ಇರಬಹುದು. ಎಡಗೈಯ ಶಕ್ತಿ ಕಡಿಮೆ ಆಗಬಹುದು, ರಕ್ತಸ್ರಾವ, ಇನ್ಫೆಕ್ಷನ್. ಚಿಕ್ಕ ಮಕ್ಕಳ ಮೆದುಳು ಹೊಸದಾಗಿ ಕಲೀತದೆ ಅನ್ನೋದು ಒಂದು ಧೈರ್ಯ ಅಂತ ಹೇಳಿದ್ರು. ನನ್ನ ಗಂಡ ಸಹಿ ಮಾಡಿದ್ರು, ನಾನೂ ಮಾಡಿದೆ.

ಆ ರಾತ್ರಿ ಹರಕೆ ಹೇಳಿಕೊಳ್ಳೋಣ ಅಂತ ಕೂತೆ, ಆದ್ರೆ ವಾಕ್ಯವೇ ಮುಗೀತಿಲ್ಲ. ಹರಕೆಯ ವಾಕ್ಯದಲ್ಲಿ ಯಾವಾಗ್ಲೂ ಒಂದು ‘ರೆ’ ಇರ್ತದೆ, ಗುಣ ಆದ್ರೆ, ಫಿಟ್ಸ್ ನಿಂತ್ರೆ, ಕೈ ಉಳಿದ್ರೆ. ಆ ‘ರೆ’ ಬಂದ ಕೂಡ್ಲೇ ಅದರ ಇನ್ನೊಂದು ಬದಿಯೂ ಕಣ್ಣೆದುರು ಬರ್ತಿತ್ತು. ಆಗದಿದ್ರೆ? ಆಗದಿದ್ರೆ ನಾನು ಸೂರ್ಯಕ್ಕೆ ಹೋಗುದಿಲ್ವಾ, ದೇವರೂ ನಾನೂ ಮಾತು ಬಿಡ್ತೇವಾ? ಕೊನೆಗೆ ‘ರೆ’ ತೆಗೆದುಬಿಟ್ಟೆ. ಮಗಳು ಹೇಗಿದ್ರೂ, ನಡ್ಕೊಂಡಾದ್ರೂ ಎತ್ತಿಕೊಂಡಾದ್ರೂ ಕರ್ಕೊಂಡು ಬರ್ತೇನೆ, ಮಣ್ಣಿನ ಮಗು ಒಪ್ಪಿಸ್ತೇನೆ ಅಂತ ಹೇಳಿದೆ. ಹೇಳಿದ ಮೇಲೆ ಆ ಮಾತು ದೇವರ ಕಡೆ ಹೋದ ಹಾಗೆ ಅನ್ನಿಸ್ಲಿಲ್ಲ, ಮಲಗಿದ್ದ ಮಗುವಿನ ಕಡೆ ಹೋದ ಹಾಗೆ ಅನ್ನಿಸಿತು, ಅವಳ ತಲೆ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ ನಾನು. ಪರಕೆ ಅಂದ್ರೆ ಆಶೀರ್ವಾದ ಅಂತ ಓದಿದಾಗ ನೆನಪಾದದ್ದು ಆ ರಾತ್ರಿ.

ಏಳು ಗಂಟೆ ಹೊತ್ತು ನಡೀತು ಆಪರೇಷನ್. ಒಳಗೆ ಹೋಗುವ ಮುಂಚೆ ತಲೆಕೂದಲು ತೆಗೀತಾರೆ, ಸಿಸ್ಟರ್ ಹತ್ರ ಕೇಳಿ ಅದನ್ನ ಒಂದು ಕವರಲ್ಲಿ ಹಾಕಿಸಿಕೊಂಡಿದ್ದೆ. ಅತ್ತೆ ಅದನ್ನ ನೋಡಿ ಇದೂ ಮುಡಿಯೇ, ಧರ್ಮಸ್ಥಳಕ್ಕೆ ಕೊಟ್ಟದ್ದಕ್ಕಿಂತ ಕಮ್ಮಿ ಅಲ್ಲ ಅಂದ್ರು.

ಹರಕೆ ಹೇಳಿಕೊಂಡವರು ಮಾತ್ರೆ ನಿಲ್ಲಿಸೋದನ್ನ ನಾನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಸರ್ಜರಿ ಆದ ಮೇಲೂ ಔಷಧಿ ತುಂಬ ಸಮಯ ಮುಂದುವರೀತದೆ, ಕಡಿಮೆ ಮಾಡೋದು ಡಾಕ್ಟರ್ ಹೇಳಿದಾಗ, ನಿಧಾನವಾಗಿ. ಇವಳು ಈಗ್ಲೂ ಬೆಳಿಗ್ಗೆ ರಾತ್ರಿ ಸಿರಪ್ ಕುಡೀತಾಳೆ. ಆಪರೇಷನ್ ಆದ ಮೇಲೆ ಇವತ್ತಿನವರೆಗೆ ಫಿಟ್ಸ್ ಬರ್ಲಿಲ್ಲ. ಎಡಗೈ ಬೆರಳು ಸ್ವಲ್ಪ ನಿಧಾನ, ಫಿಸಿಯೋಥೆರಪಿ ನಡೀತಾ ಉಂಟು.

ಸೂರ್ಯಕ್ಕೆ ಹೋಗಿ ಬಂದೆವು. ಮಣ್ಣಿನ ಮಗುವನ್ನ ಅವಳೇ ಎರಡೂ ಕೈಯಲ್ಲಿ ಹಿಡ್ಕೊಂಡಿದ್ಲು, ಎಡಗೈ ಜಾರ್ತದೇನೋ ಅಂತ ನಾನು ಕೆಳಗೆ ಕೈ ಕೊಟ್ಟುಕೊಂಡೇ ಹೋದೆ, ಜಾರ್ಲಿಲ್ಲ. ಆಚೆ ಬನದಲ್ಲಿ ಯಾರ್ಯಾರದ್ದೋ ತೊಟ್ಟಿಲು, ಮನೆ, ಕಾಲುಗಳು ರಾಶಿ ಬಿದ್ದಿದ್ವು. ಇನ್ನು ಒಂದು ಹರಕೆ ಉಂಟು, ಅದು ಮಾವ ಯಾರಿಗೂ ಹೇಳದೆ ಆಪರೇಷನ್ ದಿನವೇ ಹೇಳಿಕೊಂಡದ್ದು, ಕಟೀಲಿನ ಆಟ. ಹೆಸರು ಕೊಟ್ಟು ಬಂದಿದ್ದಾರೆ. ನಮ್ಮ ಪಾಳಿ ಬರುವಾಗ ಇವಳು ಹೈಸ್ಕೂಲೋ ಕಾಲೇಜೋ ಆಗಿರ್ತಾಳೆ, ಬೆಳಗ್ಗೆವರೆಗೆ ನಿದ್ದೆ ಮಾಡದೆ ಕೂತು ನೋಡ್ಲಿಕ್ಕೆ ಈಗ್ಲೇ ಅಭ್ಯಾಸ ಮಾಡಿಸ್ಬೇಕು ಅಂತ ಮಾವ, ಫಿಟ್ಸ್ ಇದ್ದ ಮಗು, ನಿದ್ದೆ ಕೆಡಬಾರ್ದು ಅಂತ ನಾನು. ಡಾಕ್ಟರ ಹತ್ರ ಮುಂದಿನ ಸಲ ಹೋದಾಗ ಕೇಳ್ಬೇಕು.